ಕಲ್ಲಿನ ಪಾಠ: ಪುಸ್ತಕದ ಬಾಣಗಳನ್ನು ನಮ್ಮ ಜಿಲ್ಲೆಯಲ್ಲಿ ಎಲ್ಲಿ ತೋರಿಸಲಿ?

ಗಂಗಾವತಿ ಟೀಚರ್:
ಎಲ್ಲರಿಗೂ ನಮಸ್ಕಾರ. ನಾನು ಗಂಗಾವತಿ ತಾಲ್ಲೂಕಿನ ಒಂದು ಹಳ್ಳಿ ಶಾಲೆಯಲ್ಲಿ ಪಾಠ ಹೇಳುತ್ತೇನೆ. ಹೋದ ವಾರ ಶಿಲೆಗಳ ಪಾಠ ಇತ್ತು. ಕರಗಿದ ಕಲ್ಲು ಆರಿ ಆದ ಅಗ್ನಿಶಿಲೆ, ಪದರವಾಗಿ ಕೂತು ಆದ ಕಣಶಿಲೆ, ಬಿಸಿ ಒತ್ತಡಕ್ಕೆ ಬದಲಾದ ರೂಪಾಂತರ ಶಿಲೆ. ಬೋರ್ಡ್ ಮೇಲೆ ಚಕ್ರ ಬರೆದೆ, ಒಂದರಿಂದ ಇನ್ನೊಂದಕ್ಕೆ ಬಾಣ ಎಳೆದೆ, ಪಕ್ಕಕ್ಕೆ ಹೊಗೆ ಬಿಡುವ ಜ್ವಾಲಾಮುಖಿ ಬಿಡಿಸಿದೆ. ಮಕ್ಕಳು ಸುಮ್ನೆ ಬರೆದುಕೊಂಡರು. ಒಬ್ಬಳು ಮಾತ್ರ ಕಿಟಕಿ ಕಡೆ ಕೈ ಮಾಡಿದಳು. "ಮಿಸ್, ಆ ಗುಡ್ಡದ ಗುಂಡುಗಳನ್ನು ಯಾರು ಪೇರಿಸಿದರು? ಇಲ್ಲಿ ಜ್ವಾಲಾಮುಖಿ ಎಲ್ಲಿದೆ?"

ಕಿಟಕಿಯಿಂದ ಆನೆಗೊಂದಿ ಕಡೆಯ ಗುಡ್ಡ ಕಾಣುತ್ತದೆ. ಮನೆಯಷ್ಟು ದೊಡ್ಡ ಗುಂಡುಗಳು, ಒಂದರ ಮೇಲೊಂದು. ನಾನು ಹುಟ್ಟಿದಾಗಿನಿಂದ ನೋಡಿದ ಗುಡ್ಡ. ಆದರೂ ಸರಿಯಾದ ಉತ್ತರ ಬಾಯಿಗೆ ಬರಲಿಲ್ಲ. ನನಗೆ ಬೇಕಾಗಿರುವುದು ಇಷ್ಟು. ಪುಸ್ತಕದ ಒಂದೊಂದು ಬಾಣಕ್ಕೂ ಕೊಪ್ಪಳ, ಬಳ್ಳಾರಿ, ರಾಯಚೂರು ಜಿಲ್ಲೆಗಳಲ್ಲಿ ಒಂದೊಂದು ಜಾಗ. ಬಸ್ಸಿನಲ್ಲಿ ಹೋಗಿ ಕೈಯಿಂದ ಮುಟ್ಟುವಂಥ ಜಾಗ. ಗೊತ್ತಿದ್ದವರು ದಯವಿಟ್ಟು ಹೇಳಿ.

ಆನೆಗೊಂದಿ ಮೊಮ್ಮಗ:
ನಮ್ಮ ಅಜ್ಜಿ ಹೇಳುತ್ತಿದ್ದದ್ದು, ಇದು ಕಿಷ್ಕಿಂಧೆ, ವಾಲಿ ಸುಗ್ರೀವರ ಕಾಳಗದಲ್ಲಿ ಎಸೆದ ಕಲ್ಲುಗಳು ಇವು ಅಂತ. ಆ ಕತೆಯನ್ನೂ ಮಕ್ಕಳಿಗೆ ಹೇಳಿ ಟೀಚರ್. ಈ ಕಲ್ಲುಗಳು ಸುಮ್ನೆ ಬಿದ್ದಿರುವುದಲ್ಲ, ಏನೋ ನಡೆದು ಹೀಗಾಗಿವೆ ಅನ್ನುವುದು ನಮ್ಮ ಹಿರಿಯರಿಗೂ ಅನಿಸಿತ್ತು.

ಭೂವಿಜ್ಞಾನ ಓದುವವ:
ನನ್ನೂರು ಕೊಪ್ಪಳ. ಈಗ ಎಂಎಸ್ಸಿ ಓದುತ್ತಿದ್ದೇನೆ. ಆ ಹುಡುಗಿಯ ಎರಡನೇ ಪ್ರಶ್ನೆಯಿಂದ ಶುರು ಮಾಡುತ್ತೇನೆ.

ಆನೆಗೊಂದಿಯಲ್ಲಿ ಜ್ವಾಲಾಮುಖಿ ಬೇಕಿಲ್ಲ. ಆ ಗುಂಡುಗಳು ಗ್ರಾನೈಟ್, ಒಂದು ಅಗ್ನಿಶಿಲೆ. ಗ್ರಾನೈಟ್ ಹುಟ್ಟುವುದು ನೆಲದ ಮೇಲಲ್ಲ, ಕಿಲೋಮೀಟರ್‌ಗಟ್ಟಲೆ ಆಳದಲ್ಲಿ. ಹೊಸದಾಗಿ ಒಡೆದ ಒಂದು ಚೂರು ತೆಗೆದುಕೊಂಡು ಬಿಸಿಲಿಗೆ ಹಿಡಿಯಿರಿ. ಗುಲಾಬಿ ಅಥವಾ ಬಿಳಿ ಬಣ್ಣದ, ಚಪ್ಪಟೆ ಮುಖದಲ್ಲಿ ಮಿಂಚುವ ಹರಳು ಫೆಲ್ಡ್‌ಸ್ಪಾರ್. ಗಾಜಿನ ಚೂರಿನಂತೆ ಬೂದುಬಣ್ಣಕ್ಕೆ ಇರುವುದು ಕ್ವಾರ್ಟ್ಜ್, ನಮ್ಮ ಬೆಣಚುಕಲ್ಲು. ಉಗುರಿನಿಂದ ಕೆರೆದರೆ ಪೊರೆ ಪೊರೆಯಾಗಿ ಏಳುವ ಕಪ್ಪು ಚುಕ್ಕೆ ಬಯೋಟೈಟ್, ಕಾಗೆಬಂಗಾರದ ಜಾತಿ. ಮೂರನ್ನೂ ಬರಿಗಣ್ಣಲ್ಲಿ ಬೇರೆ ಬೇರೆ ಗುರುತಿಸಬಹುದು, ಅಲ್ವಾ? ಅದೇ ಸಾಕ್ಷಿ.

ಕಲ್ಲುಸಕ್ಕರೆ ನೆನಪಿಸಿಕೊಳ್ಳಿ. ಪಾಕವನ್ನು ಅಲ್ಲಾಡಿಸದೆ ದಿನಗಟ್ಟಲೆ ಬಿಟ್ಟರೆ ದೊಡ್ಡ ಹರಳು ಕಟ್ಟುತ್ತದೆ. ಅದೇ ಪಾಕವನ್ನು ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ಬೇಗ ಹೊಯ್ದು ಆರಿಸಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ಹರಳು. ಶಿಲಾಪಾಕ, ಅಂದರೆ ಆಳದಲ್ಲಿ ಕರಗಿದ ಕಲ್ಲು, ಅದೂ ಹಾಗೆಯೇ. ಆಳದಲ್ಲಿ, ಮೇಲೆ ದಪ್ಪ ಕಲ್ಲಿನ ಹೊದಿಕೆ ಇರುವಾಗ, ಅದು ಲಕ್ಷಾಂತರ ವರ್ಷ ನಿಧಾನವಾಗಿ ಆರಿತು. ಅದಕ್ಕೇ ಹರಳು ದೊಡ್ಡದು.

ವಯಸ್ಸು ಸುಮಾರು 250 ಕೋಟಿ ವರ್ಷ. ಭೂಮಿಯ ವಯಸ್ಸೇ 454 ಕೋಟಿ ವರ್ಷ. ರಾಮನಗರದ ಬೆಟ್ಟಗಳ ಕಡೆಯಿಂದ ನಮ್ಮ ತುಂಗಭದ್ರೆವರೆಗೂ ಈ ಕಾಲದ ಗ್ರಾನೈಟ್ ಉದ್ದಕ್ಕೆ ಹಬ್ಬಿದೆ. ರಾಮನಗರದ ಹಳೇ ಹೆಸರು ಕ್ಲೋಸ್‌ಪೇಟೆ. ಹಾಗಾಗಿ ಇದಕ್ಕೆ ಕ್ಲೋಸ್‌ಪೇಟೆ ಗ್ರಾನೈಟ್ ಎನ್ನುತ್ತಾರೆ.

ಮಾನ್ವಿ ರೈತ:
250 ಕೋಟಿ ಅಂತ ಹೇಗೆ ಗೊತ್ತಾಗುತ್ತದೆ? ಬೇಸರ ಮಾಡಿಕೊಳ್ಳಬೇಡಿ. ನಿಜವಾಗಿ ತಿಳಿಯಬೇಕು ಅಂತಲೇ ಕೇಳುತ್ತಿದ್ದೇನೆ.

ಭೂವಿಜ್ಞಾನ ಓದುವವ:
ಗ್ರಾನೈಟ್ ಒಳಗೆ ಜಿರ್ಕಾನ್ ಅನ್ನುವ ಸಣ್ಣ ಹರಳು ಇರುತ್ತದೆ. ಕೂದಲ ದಪ್ಪದಷ್ಟೇ. ಅದು ಕಟ್ಟುವಾಗ ಸ್ವಲ್ಪ ಯುರೇನಿಯಂ ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಮಾತ್ರ ಹೊರಗಿಡುತ್ತದೆ. ಆಮೇಲೆ ಯುರೇನಿಯಂ ತಾನಾಗೇ ಸೀಸವಾಗುತ್ತಾ ಹೋಗುತ್ತದೆ. ಯುರೇನಿಯಂ 238ರಲ್ಲಿ ಅರ್ಧ ಭಾಗ ಸೀಸವಾಗಲು ಸುಮಾರು 447 ಕೋಟಿ ವರ್ಷ ಬೇಕು. ಈ ವೇಗ ಬದಲಾಗುವುದಿಲ್ಲ. ಎಷ್ಟು ಸೀಸ, ಎಷ್ಟು ಯುರೇನಿಯಂ ಅಂತ ಅಳೆದರೆ ಲೆಕ್ಕ ಸಿಗುತ್ತದೆ.

ಕುಷ್ಟಗಿ ಕಲ್ಲುಕೆಲಸ:
ನಾನು ಓದಿದ್ದು ಕಡಿಮೆ. ಆದರೆ 22 ವರ್ಷ ಕಲ್ಲು ಒಡೆದಿದ್ದೇನೆ. ನಮ್ಮ ಕಡೆಯ ಕೆಂಪು ಗ್ರಾನೈಟನ್ನು ಹೊರಗಿನವರು ಇಳಕಲ್ ಪಿಂಕ್ ಎನ್ನುತ್ತಾರೆ. ಗುಂಡುಗಳನ್ನು ಯಾರು ಪೇರಿಸಿದರು ಅನ್ನುವುದಕ್ಕೆ ನನ್ನ ಕೈ ಕಂಡದ್ದು ಹೇಳುತ್ತೇನೆ.

ಬಂಡೆ ನೋಡಲು ಇಡಿಯಾಗಿ ಕಾಣುತ್ತದೆ. ಆದರೆ ಅದಕ್ಕೆ ಸೀಳು ಇದ್ದೇ ಇರುತ್ತದೆ. ಅಡ್ಡ, ಉದ್ದ, ಮತ್ತು ಹಾಸಿನಂತೆ ಮಲಗಿದ್ದು. ಸುತ್ತಿಗೆಯಲ್ಲಿ ತಟ್ಟಿದರೆ ಸದ್ದಿನಲ್ಲೇ ತಿಳಿಯುತ್ತದೆ. ಇಡೀ ಕಲ್ಲು ಗಂಟೆಯಂತೆ "ಠಣ್" ಎನ್ನುತ್ತದೆ. ಒಳಗೆ ಸೀಳಿದ್ದರೆ "ಡಬ್" ಎಂದು ಒಣಗಿದ ಕುಂಬಳದ ಸದ್ದು.

ಕ್ವಾರಿಯಲ್ಲಿ ಮೇಲಿನ ಮಣ್ಣು ತೆಗೆದು ಕೆಳಗೆ ಹೋಗುವಾಗ ಇನ್ನೊಂದು ಕಾಣುತ್ತದೆ. ಸೀಳಿನ ಅಕ್ಕಪಕ್ಕ ಕಲ್ಲು ಕಲ್ಲಾಗಿ ಉಳಿದಿರುವುದಿಲ್ಲ. ಗರಸು ಆಗಿರುತ್ತದೆ. ಕೈಯಲ್ಲಿ ಹಿಸುಕಿದರೆ ಪುಡಿ. ಆ ಗರಸಿನ ನಡುವೆ, ಮಣ್ಣೊಳಗೇ, ಗುಂಡನೆಯ ಗಟ್ಟಿ ಕಲ್ಲು ಕೂತಿರುತ್ತದೆ. ಸುತ್ತಲೂ ಈರುಳ್ಳಿಯಂತೆ ಸಿಪ್ಪೆ. ಅಂದರೆ ಗುಂಡು ಗುಡ್ಡದ ಮೇಲೆ ಉರುಳಿ ಗುಂಡಗಾದದ್ದಲ್ಲ. ನೆಲದೊಳಗೇ ಗುಂಡಾಗಿತ್ತು.

ಭೂವಿಜ್ಞಾನ ಓದುವವ:
ಅಣ್ಣ, ಇದಕ್ಕಿಂತ ಚೆನ್ನಾಗಿ ನಮ್ಮ ಕ್ಲಾಸಲ್ಲೂ ಹೇಳಿಲ್ಲ. ಕಾರಣ ಮಾತ್ರ ಸೇರಿಸುತ್ತೇನೆ. ಸೀಳಿಗೆ ಮಳೆನೀರು ಇಳಿಯುತ್ತದೆ. ಗಾಳಿಯಿಂದ, ಬೇರುಗಳಿಂದ ಸೇರಿದ ಇಂಗಾಲದ ಡೈ ಆಕ್ಸೈಡ್‌ನಿಂದ ಆ ನೀರು ಕೊಂಚ ಹುಳಿ. ಅದು ಫೆಲ್ಡ್‌ಸ್ಪಾರನ್ನು ಜೇಡಿ ಮಾಡುತ್ತದೆ. ಬಯೋಟೈಟ್‌ನ ಕಬ್ಬಿಣ ತುಕ್ಕು ಹಿಡಿದು ಕೆಂಪಾಗುತ್ತದೆ. ನಮ್ಮ ಮಸಾರಿ ಹೊಲದ ಕೆಂಪು ಇದೇ. ಕ್ವಾರ್ಟ್ಜ್‌ಗೆ ಮಾತ್ರ ಹೆಚ್ಚೇನೂ ಆಗುವುದಿಲ್ಲ, ಅದು ಮರಳಾಗಿ ಉಳಿಯುತ್ತದೆ. ಚೌಕದ ತುಂಡಿಗೆ ಮೂಲೆಗಳಲ್ಲಿ ಮೂರು ಕಡೆಯಿಂದ ನೀರು ಬಡಿಯುತ್ತದೆ, ಅಂಚಲ್ಲಿ ಎರಡು ಕಡೆಯಿಂದ, ಮುಖಕ್ಕೆ ಒಂದೇ ಕಡೆಯಿಂದ. ಮೂಲೆ ಮೊದಲು ಸವೆದು ತುಂಡು ಗುಂಡಾಗುತ್ತದೆ. ಆಮೇಲೆ ಗರಸು ಕೊಚ್ಚಿಹೋಗಿ ಗುಂಡುಗಳು ಇದ್ದಲ್ಲೇ ಒಂದರ ಮೇಲೊಂದು ಕೂರುತ್ತವೆ. ಯಾರೂ ಪೇರಿಸಿಲ್ಲ ಅಂತ ಹುಡುಗಿಗೆ ಹೇಳಿ. ನಡುವೆ ಇದ್ದದ್ದು ಹೋಗಿದೆ, ಅಷ್ಟೇ.

ಹಾಸುಸೀಳಿಗೆ ಕಾರಣ ಬೇರೆ. ಕಿಲೋಮೀಟರ್‌ಗಟ್ಟಲೆ ಕಲ್ಲಿನ ಭಾರ ಹೊತ್ತಿದ್ದ ಗ್ರಾನೈಟ್, ಮೇಲಿನದು ಸವೆದಂತೆ ಹಗುರಾಗಿ ಮೇಲಕ್ಕೆ ಹಿಗ್ಗುತ್ತದೆ. ಆಗ ನೆಲಕ್ಕೆ ಸಮವಾಗಿ ಪದರ ಬಿಡುತ್ತದೆ.

ಕುಷ್ಟಗಿ ಕಲ್ಲುಕೆಲಸ:
ಆ ಪದರ ಎಬ್ಬಿಸಲು ಹಿಂದೆ ಬಂಡೆ ಮೇಲೆ ಬೆಂಕಿ ಹಾಕುತ್ತಿದ್ದರು. ನಮ್ಮಪ್ಪ ಮಾಡಿದ್ದನ್ನು ನೋಡಿದ್ದೇನೆ. ಕಟ್ಟಿಗೆ ಉರಿಸಿ ಬೆಂಕಿಯನ್ನು ಮುಂದೆ ಮುಂದೆ ಸರಿಸುತ್ತಾ ಹೋಗಬೇಕು. ಬಿಸಿಗೆ ಮೇಲಿನ ಹಾಸು ಹಿಗ್ಗಿ ಕೆಳಗಿನದನ್ನು ಬಿಟ್ಟು ಏಳುತ್ತದೆ. ಕಿವಿ ಇಟ್ಟರೆ ಒಳಗೆ ಬಿಡುವ ಸದ್ದು ಕೇಳುತ್ತದೆ.

ಗಂಗಾವತಿ ಟೀಚರ್:
ಹಿರೇಬೆಣಕಲ್‌ನ ಮೋರ್ಯರ ಗುಡ್ಡದ ಕಲ್ಮನೆಗಳ ಚಪ್ಪಡಿ ಹೀಗೇ ಎಬ್ಬಿಸಿದ್ದಾ? ನಾನು ಎರಡು ಸಲ ಹತ್ತಿದ್ದೇನೆ. ಸುಮಾರು 400 ಕಟ್ಟಡ ಇವೆ ಎನ್ನುತ್ತಾರೆ. ಗೋಡೆಗೊಂದು ಚಪ್ಪಡಿ, ಮುಚ್ಚಳಕ್ಕೊಂದು, ಕೆಲವಕ್ಕೆ ದುಂಡನೆಯ ಕಿಂಡಿ.

ಭೂವಿಜ್ಞಾನ ಓದುವವ:
ಹೌದು, ಆ ಚಪ್ಪಡಿಗಳು ಗುಡ್ಡ ತಾನಾಗೇ ಬಿಟ್ಟ ಪದರಗಳೇ. ಪಕ್ಕದಲ್ಲೇ ಕಲ್ಲು ಎಬ್ಬಿಸಿದ ಜಾಗಗಳಿವೆ. ಕಬ್ಬಿಣಯುಗದ ಆ ಜನಕ್ಕೆ ಬಂಡೆಯ ಹಾಸು ಚೆನ್ನಾಗಿ ಗೊತ್ತಿತ್ತು.

ಬಳ್ಳಾರಿ ಕೋಟೆ ಬೀದಿ:
ಟೀಚರ್, ಜ್ವಾಲಾಮುಖಿ ನಮ್ಮ ಜಿಲ್ಲೆಯಲ್ಲಿ ಇತ್ತಲ್ಲ. ಕುಡತಿನಿ ಹತ್ತಿರ ಬೂದಿಗುಡ್ಡ ಇದೆ. ಅಷ್ಟು ಬೂದಿ ಜ್ವಾಲಾಮುಖಿ ಬಿಟ್ಟರೆ ಎಲ್ಲಿಂದ ಬರಬೇಕು?

ಸಂಗನಕಲ್ಲು ಸುತ್ತಾಟ:
ಅದು ಜ್ವಾಲಾಮುಖಿ ಬೂದಿ ಅಲ್ಲ, ಸೆಗಣಿ ಬೂದಿ. ನನಗೂ ಮೊದಲು ನಂಬಿಕೆ ಬರಲಿಲ್ಲ. 19ನೇ ಶತಮಾನದಲ್ಲೇ ಇದರ ಬಗ್ಗೆ ಬ್ರಿಟಿಷ್ ಅಧಿಕಾರಿಗಳು ತಲೆ ಕೆಡಿಸಿಕೊಂಡಿದ್ದರು. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಇದು ನವಶಿಲಾಯುಗದ ದನಗಾಹಿಗಳು ಸುಟ್ಟ ಸೆಗಣಿ ಎಂದರು. 1957ರಲ್ಲಿ ಪುರಾತತ್ವಜ್ಞ ಆಲ್ಚಿನ್ ಅವರು ಈಗಿನ ತೆಲಂಗಾಣದ ಉತ್ನೂರಿನಲ್ಲಿ ಇಂಥದ್ದೇ ಬೂದಿದಿಬ್ಬ ಅಗೆದಾಗ ದನದ ಗೊರಸಿನ ಗುರುತು ಹಾಗೇ ಸಿಕ್ಕಿತು. ಕೆಲವು ಕಡೆ ಬೆಂಕಿ ಎಷ್ಟು ಜೋರಾಗಿತ್ತೆಂದರೆ ಬೂದಿ ಕರಗಿ ಕಿಟ್ಟ ಕಟ್ಟಿದೆ. ತೂತು ತೂತಾಗಿ, ಗಾಜಿನಂತೆ. ಹಾಗಾಗಿ ಲಾವಾ ಅಂತ ಅನಿಸುವುದು ಸಹಜ.

ಆದರೆ ಬೇಗ ಆರಿದ ಅಗ್ನಿಶಿಲೆ ನೋಡಬೇಕಾದರೆ ಬಳ್ಳಾರಿ ಹತ್ತಿರದ ಸಂಗನಕಲ್ಲು, ಕುಪ್ಪಗಲ್ಲಿಗೆ ಬನ್ನಿ. ಹಿರೇಗುಡ್ಡದ ಗ್ರಾನೈಟ್ ನಡುವೆ ಕರಿಕಲ್ಲಿನ ಪಟ್ಟಿ ಹಾದುಹೋಗಿದೆ. ಅದು ಡಾಲರೈಟ್. ಗ್ರಾನೈಟ್ ಗಟ್ಟಿಯಾಗಿ, ಬಿರಿದ ಮೇಲೆ, ಬಿರುಕಿಗೆ ಕೆಳಗಿನಿಂದ ಹೊಸ ಪಾಕ ನುಗ್ಗಿ ಆರಿದ್ದು. ತೆಳು ಪಟ್ಟಿ, ಹಾಗಾಗಿ ಬೇಗ ಆರಿತು, ಹರಳು ಸಣ್ಣ. ಅದಕ್ಕೇ ಒತ್ತೊತ್ತಾಗಿ ಗಟ್ಟಿ. ನವಶಿಲಾಯುಗದ ಜನ ಇಲ್ಲೇ ಕೊಡಲಿ ತಯಾರಿಸುತ್ತಿದ್ದರು. ಇವತ್ತಿಗೂ ಅವರು ಕೆತ್ತಿ ಬಿಟ್ಟ ಚಕ್ಕೆಗಳು ಕಾಲಿಗೆ ಸಿಗುತ್ತವೆ. ಕೆಲವು ಕರಿಗುಂಡುಗಳನ್ನು ತಟ್ಟಿದರೆ ಗಂಟೆ ಬಾರಿಸಿದಂತೆ ಸದ್ದು. ತಟ್ಟಿ ತಟ್ಟಿ ಗುಳಿ ಬಿದ್ದಿವೆ. ಮಕ್ಕಳನ್ನು ಕರೆತನ್ನಿ. ಚಕ್ಕೆಗಳನ್ನು ಮಾತ್ರ ಮನೆಗೆ ಒಯ್ಯದಂತೆ ನೋಡಿಕೊಳ್ಳಿ.

ಬಳ್ಳಾರಿ ಕೋಟೆ ಬೀದಿ:
ತಿದ್ದಿದ್ದಕ್ಕೆ ಧನ್ಯವಾದ. ಇಷ್ಟು ವರ್ಷ ಎಲ್ಲರಿಗೂ ಜ್ವಾಲಾಮುಖಿ ಎಂದೇ ಹೇಳಿಕೊಂಡು ಬಂದಿದ್ದೆ. ಇನ್ನು ಮೇಲೆ ಸರಿಯಾಗಿ ಹೇಳುತ್ತೇನೆ.

ಸಂಡೂರಿನ ಮಗಳು:
ಕಣಶಿಲೆಗೆ ನಮ್ಮ ಸಂಡೂರು ಇದೆ. ನಮ್ಮ ಗುಡ್ಡ ಅಂದರೆ ಎಲ್ಲರಿಗೂ ಗಣಿ, ಲಾರಿ, ಕೆಂಪು ಧೂಳು ನೆನಪಾಗುತ್ತದೆ. ನನಗೆ ನೆನಪಾಗುವುದು ನಮ್ಮ ಹಿತ್ತಲಿನ ಕಟ್ಟೆಯ ಒಂದು ಕಲ್ಲು. ಚಿಕ್ಕವಳಿದ್ದಾಗ ಅದರ ಗೆರೆಗಳನ್ನು ಎಣಿಸುತ್ತಿದ್ದೆ. ಒಂದು ಗೆರೆ ಕೆಂಪು, ಒಂದು ಉಕ್ಕಿನ ಬಣ್ಣ, ಮತ್ತೆ ಕೆಂಪು. ಸೀರೆಯ ಅಂಚಿನಂತೆ. ಕೆಲವು ಬೆರಳಗಲ, ಕೆಲವು ದಾರದಷ್ಟು.

ಕೆಂಪು ಗೆರೆ ಜಾಸ್ಪರ್, ಅಂದರೆ ಸಿಲಿಕ. ಉಕ್ಕಿನ ಬಣ್ಣದ್ದು ಹೆಮಟೈಟ್, ಕಬ್ಬಿಣದ ಅದಿರು. ಇದು ಸಮುದ್ರದ ತಳದಲ್ಲಿ ಪದರ ಪದರವಾಗಿ ಇಳಿದದ್ದು. 250 ಕೋಟಿ ವರ್ಷಕ್ಕೂ ಹಿಂದೆ. ಆಗ ಗಾಳಿಯಲ್ಲಿ ಆಮ್ಲಜನಕ ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕಬ್ಬಿಣ ನೀರಲ್ಲಿ ಉಪ್ಪಿನಂತೆ ಕರಗಿಕೊಂಡಿತ್ತು. ಬಿಸಿಲಲ್ಲಿ ಬದುಕುವ ಸೂಕ್ಷ್ಮಜೀವಿಗಳು ಆಮ್ಲಜನಕ ಬಿಡಲು ಶುರು ಮಾಡಿದಾಗ ಆ ಕಬ್ಬಿಣ ತುಕ್ಕಾಗಿ ತಳಕ್ಕೆ ಕೂತಿತು. ಆಮ್ಲಜನಕವೇ ಬೇಕಿರಲಿಲ್ಲ, ಕೆಲವು ಜೀವಿಗಳು ನೇರವಾಗಿ ಕಬ್ಬಿಣವನ್ನು ತುಕ್ಕು ಮಾಡಿರಬಹುದು ಎನ್ನುವ ವಿಜ್ಞಾನಿಗಳೂ ಇದ್ದಾರೆ. ಹೇಗೇ ಇರಲಿ, ಬಳ್ಳಾರಿ ಬಿಸಿಲಲ್ಲಿ ನಿಂತು ನಾನು ಮುಟ್ಟುವುದು ಒಂದು ಸಮುದ್ರದ ತಳ.

ಗುಡ್ಡದ ನೆತ್ತಿಯಲ್ಲೇ ಅದಿರು ಜಾಸ್ತಿ ಯಾಕೆ? ಸಮುದ್ರ ಹೋಗಿ, ಪದರಗಳು ಮಡಚಿ ಎದ್ದು ನಿಂತ ಮೇಲೆ, ಕೋಟ್ಯಂತರ ವರ್ಷದ ಮಳೆನೀರು ಸಿಲಿಕವನ್ನು ಕರಗಿಸಿ ಒಯ್ದಿತು. ಕಬ್ಬಿಣ ಉಳಿಯಿತು. ದೋಣಿಮಲೈಯಲ್ಲಿ ತೆಗೆಯುವುದು ಹೀಗೆ ಮಳೆ ಸೋಸಿ ಕೊಟ್ಟದ್ದನ್ನು. ಇಂಥ ಅದಿರು ಇನ್ನೊಮ್ಮೆ ಆಗಬೇಕಾದರೆ ಆ ಸಮುದ್ರ, ಆ ಗಾಳಿ ಮತ್ತೆ ಬರಬೇಕು. ನಮ್ಮೂರಿನವರು ಅದಿರನ್ನು ಲಾರಿ ಲೆಕ್ಕದಲ್ಲಿ ಮಾತಾಡುವಾಗ ನನಗೆ ಹೊಟ್ಟೆ ಕಿವುಚಿದಂತಾಗುತ್ತದೆ.

ಹಟ್ಟಿ ಹಳಬ:
ರೂಪಾಂತರ ನಮ್ಮದು. ಲಿಂಗಸುಗೂರು ತಾಲ್ಲೂಕಿನ ಹಟ್ಟಿ. 31 ವರ್ಷ ನೆಲದೊಳಗೆ ಕೆಲಸ ಮಾಡಿ ನಿವೃತ್ತನಾದೆ.

ನಮ್ಮ ಗಣಿಯ ಕಲ್ಲು ಹಸಿರುಗಪ್ಪು. ಆಂಫಿಬೊಲೈಟ್ ಎನ್ನುತ್ತಾರೆ. ಮೊದಲು ಅದು ಲಾವಾ, ಬಸಾಲ್ಟ್. ಸಮುದ್ರದಡಿ ಹರಿದದ್ದು. ಆಮೇಲೆ ಆಳಕ್ಕೆ ಹೂತು, ಬಿಸಿ ಮತ್ತು ಒತ್ತಡಕ್ಕೆ ಸಿಕ್ಕಿ ಬೇರೆ ಕಲ್ಲಾಯಿತು. ಮಕ್ಕಳಿಗೆ ಒಂದು ಮಾತು ಒತ್ತಿ ಹೇಳಿ ಟೀಚರ್. ರೂಪಾಂತರ ಅಂದರೆ ಕರಗುವುದಲ್ಲ. ಕರಗಿದರೆ ಅದು ಮತ್ತೆ ಅಗ್ನಿಶಿಲೆ. ಇಲ್ಲಿ ಕಲ್ಲು ಗಟ್ಟಿಯಾಗಿದ್ದೇ ಒಳಗಿನ ಹರಳು ಬದಲಾಗುತ್ತದೆ. ಹಸಿ ಮಡಕೆ ಆವಿಗೆಯಲ್ಲಿ ಕರಗದೆ ಬೇರೆ ವಸ್ತು ಆಗುತ್ತದಲ್ಲ, ಹಾಗೆ.

ಚಿನ್ನ ಆಮೇಲೆ ಬಂದದ್ದು. ನೆಲದ ಪದರಗಳು ಒಂದರ ಪಕ್ಕ ಒಂದು ಉಜ್ಜಿ ಜಾರಿದ ಕಡೆ ಬಿರುಕು ಬಿಟ್ಟಿತು. ಅಲ್ಲಿ ಆಳದ ಬಿಸಿನೀರು ಏರಿತು. ಅದರಲ್ಲಿ ಕರಗಿದ ಸಿಲಿಕ ಬೆಣಚುಕಲ್ಲಿನ ಎಳೆಯಾಗಿ ಕೂತಿತು, ಚಿನ್ನವೂ ಜೊತೆಗೆ. ನಾವು ರೀಫ್ ಎನ್ನುತ್ತಿದ್ದೆವು. ತಲೆದೀಪದ ಬೆಳಕಿಗೆ ಕಪ್ಪು ಗೋಡೆಯಲ್ಲಿ ಬೂದುಬಿಳಿ ಪಟ್ಟಿ. ಚಿನ್ನ ಕಣ್ಣಿಗೆ ಕಂಡದ್ದು ಬಹಳ ಅಪರೂಪ. ಒಂದು ಟನ್ ಕಲ್ಲು ಪುಡಿ ಮಾಡಿದರೆ ಸಿಗುವುದು ಕೆಲವೇ ಗ್ರಾಂ. ಹೊಳೆಯುವುದೆಲ್ಲ ಪೈರೈಟ್.

ನಮಗಿಂತ ಸುಮಾರು 2000 ವರ್ಷ ಹಿಂದೆಯೇ ಇಲ್ಲಿ ಇಳಿದವರಿದ್ದರು. ಅವರೂ ಬೆಂಕಿ ಹಾಕಿ ಕಲ್ಲು ಬಿರಿಯಿಸುತ್ತಿದ್ದರು, ಕುಷ್ಟಗಿ ಅಣ್ಣನ ಅಪ್ಪನಂತೆ. ಮಸ್ಕಿಯ ಅಶೋಕನ ಶಾಸನ ಸಿಕ್ಕಿದ್ದೂ ಚಿನ್ನ ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರ್ ಕಣ್ಣಿಗೆ, 1915ರಲ್ಲಿ. ಅಶೋಕ ಎಂಬ ಹೆಸರು ಇರುವ ಶಾಸನ ಅದು.

ಮಾನ್ವಿ ರೈತ:
ಒಳಗೆ ಹೋದಷ್ಟೂ ಬಿಸಿ ಜಾಸ್ತಿ ಆಗುತ್ತದಾ?

ಹಟ್ಟಿ ಹಳಬ:
ಆಗುತ್ತದೆ. ಗಾಳಿ ಬರದ ಮೂಲೆಯಲ್ಲಿ ಗೋಡೆಗೆ ಬೆನ್ನು ಕೊಟ್ಟರೆ ಅಂಗಿ ಒದ್ದೆ.

ಭೂವಿಜ್ಞಾನ ಓದುವವ:
ಸಾಮಾನ್ಯವಾಗಿ ಕಿಲೋಮೀಟರ್‌ಗೆ 25ರಿಂದ 30 ಡಿಗ್ರಿ ಎನ್ನುತ್ತಾರೆ. ನಮ್ಮ ಕಾಲಡಿಯ ಹಳೇ ಗಟ್ಟಿ ನೆಲದ ತುಂಡಿಗೆ ಧಾರವಾಡ ಭೂಖಂಡ ಎನ್ನುತ್ತಾರೆ. ಅದು ಬಹಳ ಹಳೆಯದು, ಆರಿದ್ದು. ಇಲ್ಲಿ ಏರಿಕೆ ಅದಕ್ಕಿಂತ ಕಡಿಮೆ.

ನನಗೆ ತುಂಬಾ ಇಷ್ಟವಾದ ವಿಷಯ ಒಂದಿದೆ. ಈ ಭೂಖಂಡ ಸ್ವಲ್ಪ ವಾಲಿ ಸವೆದಿದೆ. ದಕ್ಷಿಣದ ಕಡೆ ಜಾಸ್ತಿ ಎದ್ದು ಜಾಸ್ತಿ ಸವೆಯಿತು. ಹಾಗಾಗಿ ನಮ್ಮ ಕಡೆ ಕಾಣುವುದು ಮೇಲಿನ ಅಂತಸ್ತು. ಇಲ್ಲಿಂದ ಮೈಸೂರು, ಚಾಮರಾಜನಗರದ ಕಡೆ ಹೋದಂತೆ ಜಾಸ್ತಿ ಬಿಸಿ ಉಂಡ ಕಲ್ಲುಗಳು ಸಿಗುತ್ತವೆ. ಹೊಸಪೇಟೆಯಲ್ಲಿ ಮೈಸೂರಿನ ರೈಲು ಹತ್ತಿದರೆ, ಒಂದು ರೀತಿಯಲ್ಲಿ ಭೂಮಿಯ ಆಳಕ್ಕೇ ಇಳಿಯುತ್ತಾ ಹೋದಂತೆ.

ಕುಕನೂರು ಭಕ್ತ:
ರೂಪಾಂತರಕ್ಕೆ ಇನ್ನೊಂದು ಜಾಗ ಸೇರಿಸಿ. ಇಟಗಿಯ ಮಹಾದೇವ ದೇವಾಲಯ, 1112ರದ್ದು. ಅದರ ಕಂಬ ಮುಟ್ಟಿದರೆ ಎಣ್ಣೆ ಸವರಿದಂತೆ ನುಣುಪು. ಬಳಪದ ಕಲ್ಲು. ಅಷ್ಟು ಮೆದು ಇರುವುದರಿಂದಲೇ ಮಣಿಸರದ ಒಂದೊಂದು ಮಣಿಯನ್ನೂ ಬಿಡಿಸಿದ್ದಾರೆ. ಗ್ರಾನೈಟಲ್ಲಿ ಆ ಕೆಲಸ ಆಗುವುದಿಲ್ಲ.

ಭೂವಿಜ್ಞಾನ ಓದುವವ:
ಬಳಪದ ಕಲ್ಲಿನ ಮೆದುತನಕ್ಕೆ ಕಾರಣ ಟಾಲ್ಕ್, ಕ್ಲೋರೈಟ್ ಖನಿಜಗಳು. ಮೆಗ್ನೀಸಿಯಂ ಜಾಸ್ತಿ ಇದ್ದ ಅಗ್ನಿಶಿಲೆಗೆ ಬಿಸಿನೀರು ಸೇರಿ ರೂಪಾಂತರವಾದಾಗ ಇವು ಹುಟ್ಟುತ್ತವೆ. ಟಾಲ್ಕ್ ಉಗುರಿಗೂ ಗೀಚುತ್ತದೆ.

ಕುಷ್ಟಗಿ ಕಲ್ಲುಕೆಲಸ:
ಒಂದು ಮಾತು ಹೇಳಲೇಬೇಕು. ಮೇಲೆ ತಮ್ಮ ಹೇಳಿದ, ಕ್ವಾರ್ಟ್ಜ್‌ಗೆ ಮಳೆಯಲ್ಲಿ ಏನೂ ಆಗುವುದಿಲ್ಲ ಅಂತ. ಎದೆಯೊಳಗೆ ಹೋದರೂ ಅದಕ್ಕೆ ಏನೂ ಆಗುವುದಿಲ್ಲ. ನಮ್ಮಣ್ಣ ಒಂದು ಕ್ವಾರಿಯಲ್ಲಿ 15 ವರ್ಷ ಒಣ ಡ್ರಿಲ್ ಹಿಡಿದ. ನೀರು ಬಿಟ್ಟು ಕೊರೆಯಲು ಕೇಳಿದರೆ ಕೆಲಸ ನಿಧಾನ ಆಗುತ್ತದೆ ಎಂದರು. ಮಾಸ್ಕ್ ಕೊಡಲಿಲ್ಲ. ಈಗ ನಾಲ್ಕು ಮೆಟ್ಟಿಲು ಹತ್ತಿದರೆ ಕೂರುತ್ತಾನೆ. ಡಾಕ್ಟರು ಸಿಲಿಕೋಸಿಸ್, ಕಲ್ಲಿನ ಧೂಳು ಕೂತು ಶ್ವಾಸಕೋಶ ಕೆಡುವ ಕಾಯಿಲೆ ಎಂದರು, ಹೋದ ಶ್ವಾಸ ತಿರುಗಿ ಬರುವುದಿಲ್ಲ ಎಂದರು. ಟೀಚರ್, ಮಕ್ಕಳನ್ನು ಕ್ವಾರಿಗೆ ಕರೆದುಕೊಂಡು ಹೋಗುವುದಾದರೆ ಕೆಲಸ ನಿಂತ ದಿನ ಹೋಗಿ. ಅವರಲ್ಲಿ ಯಾರಾದರೂ ನಾಳೆ ಈ ಕೆಲಸಕ್ಕೆ ಬಂದರೆ ನೀರಿಲ್ಲದೆ ಡ್ರಿಲ್ ಮುಟ್ಟಬಾರದು ಅಂತ ಇವತ್ತೇ ಹೇಳಿ.

ಗಂಗಾವತಿ ಟೀಚರ್:
ಅಣ್ಣ, ಖಂಡಿತ ಹೇಳುತ್ತೇನೆ. ನಮ್ಮ ಶಾಲೆಯಲ್ಲೂ ಕಲ್ಲುಕೆಲಸದವರ ಮಕ್ಕಳು ಇದ್ದಾರೆ. ನಿಮ್ಮಣ್ಣನ ಮಾತನ್ನು ಪಾಠದಲ್ಲೇ ಸೇರಿಸುತ್ತೇನೆ.

ಇನ್ನೊಂದು ಪ್ರಶ್ನೆ. ಸವೆದದ್ದೆಲ್ಲ ಎಲ್ಲಿಗೆ ಹೋಯಿತು? ಗುಂಡುಗಳ ನಡುವಿನದು, ಮೇಲಿದ್ದ ಕಿಲೋಮೀಟರ್‌ಗಟ್ಟಲೆ ಕಲ್ಲು?

ಭೂವಿಜ್ಞಾನ ಓದುವವ:
ಹೊಳೆಗೆ. ಈಗಿನ ದಾರಿ ಅಂದರೆ ತುಂಗಭದ್ರೆ, ಆಮೇಲೆ ಕೃಷ್ಣೆ, ಆಮೇಲೆ ಬಂಗಾಳ ಕೊಲ್ಲಿ. ಮರಳು, ಜೇಡಿ ಅಲ್ಲಿ ಪದರವಾಗಿ ಕೂತು, ಮೇಲಿನ ಭಾರಕ್ಕೆ ಒತ್ತಿ, ಮುಂದೆ ಕಣಶಿಲೆ ಆಗುತ್ತದೆ. ಈಗ 1953ರಿಂದ ಅಣೆಕಟ್ಟು ಹೂಳಿನ ಒಂದು ಪಾಲು ಹಿಡಿದುಕೊಂಡಿದೆ. ಸವೆತ ಬಹಳ ನಿಧಾನ ಅನ್ನುವುದಕ್ಕೆ ಕೊಪ್ಪಳದ ಗವಿಮಠದ ಬಂಡೆ ನೋಡಿ. ಅಶೋಕನ ಕಾಲದ ಅಕ್ಷರ 2200 ವರ್ಷ ದಾಟಿದರೂ ಓದಲು ಬರುತ್ತದೆ. ಅದೇ ಊರಿನ ಪಾಲ್ಕಿಗುಂಡಿನದು ಬಹಳ ಮಾಸಿದೆ. ಎಲ್ಲ ಕಲ್ಲೂ ಒಂದೇ ವೇಗದಲ್ಲಿ ಸವೆಯುವುದಿಲ್ಲ.

ಮಾನ್ವಿ ರೈತ:
ಹೊಸ ಕಲ್ಲು ನೋಡಲು ಬಂಗಾಳ ಕೊಲ್ಲಿಗೆ ಯಾಕೆ ಹೋಗಬೇಕು? ನನ್ನ ಎರೆ ಹೊಲದಲ್ಲಿ ಮೊಳಕಾಲುದ್ದ ಅಗೆದರೆ ಸುಣ್ಣದ ಗಂಟು ಸಿಗುತ್ತದೆ. ಶುಂಠಿಯಂತೆ ಗಂಟು ಗಂಟಾಗಿ, ಬೂದು ಬಣ್ಣಕ್ಕೆ. ಕಂಕರ ಎನ್ನುತ್ತೇವೆ. ನಮ್ಮ ತಾತ ಅದನ್ನೇ ಸುಟ್ಟು ಮನೆಗೆ ಸುಣ್ಣ ಮಾಡಿಸಿದ್ದ. ಅದು ಮಣ್ಣಲ್ಲೇ ಬೆಳೆಯುತ್ತದೆ ಅಂತ ತಾತ ಹೇಳುತ್ತಿದ್ದ. ನಿಜವಾ?

ಭೂವಿಜ್ಞಾನ ಓದುವವ:
ತಾತ ಹೇಳಿದ್ದು ನಿಜ. ಮಳೆನೀರು ಗ್ರಾನೈಟ್, ನೈಸ್ ಎಂಬ ಪಟ್ಟೆಪಟ್ಟೆಯ ರೂಪಾಂತರ ಶಿಲೆ, ಇವುಗಳ ಫೆಲ್ಡ್‌ಸ್ಪಾರ್ ಕೊರೆದಾಗ ಅದರ ಕ್ಯಾಲ್ಸಿಯಂ ನೀರಿಗೆ ಬರುತ್ತದೆ. ಮಳೆ ಜಾಸ್ತಿ ಇರುವ ಮಲೆನಾಡಲ್ಲಿ ಅದು ತೊಳೆದುಹೋಗುತ್ತದೆ. ನಮ್ಮ ಕಡೆ ಮಳೆ ಕಡಿಮೆ, ಬಿಸಿಲು ಜಾಸ್ತಿ. ನೀರು ಮಣ್ಣೊಳಗೇ ಆರಿ, ಕ್ಯಾಲ್ಸಿಯಂ ಕಾರ್ಬೊನೇಟ್ ಗಂಟಾಗಿ ಕೂರುತ್ತದೆ. ಟೀಚರ್, ನಿಮ್ಮ ಒಂದು ಬಾಣ ಮಾನ್ವಿಯ ಹೊಲದಲ್ಲೇ ಸಿಕ್ಕಿತು. ನಿಂಬೆರಸ ಹಾಕಿಸಿ ನೋಡಿ.

ಗಂಗಾವತಿ ಟೀಚರ್:
ಇವತ್ತು ಮಾಡಿದೆವು. ಮಕ್ಕಳು ತಮ್ಮ ತಮ್ಮ ಹೊಲದಿಂದ ಗಂಟು ತಂದಿದ್ದರು, ಚೀಲದ ತುಂಬ. ಗುಡ್ಡದಿಂದ ಗ್ರಾನೈಟ್ ಚೂರು ನಾನು ತಂದಿದ್ದೆ. ಎರಡನ್ನೂ ತಟ್ಟೆಯಲ್ಲಿಟ್ಟು ನಿಂಬೆಹಣ್ಣು ಹಿಂಡಿದೆವು. ಗ್ರಾನೈಟ್ ಸುಮ್ಮನೆ ಒದ್ದೆಯಾಯಿತು. ಸುಣ್ಣದ ಗಂಟಿನ ಮೇಲೆ ಸಣ್ಣ ಸಣ್ಣ ನೊರೆ ಎದ್ದಿತು. ಪ್ರಶ್ನೆ ಕೇಳಿದ್ದ ಹುಡುಗಿ ತಟ್ಟೆ ಎತ್ತಿ ಕಿವಿಗೆ ಹಿಡಿದಳು. ಎಲ್ಲರನ್ನೂ ಸುಮ್ಮನಿರಿ ಎಂದಳು. "ಮಿಸ್, ಸುರ್ ಅಂತಿದೆ." ಆಮೇಲೆ ತಟ್ಟೆ ಸಾಲಾಗಿ 34 ಕಿವಿಗಳ ಹತ್ತಿರ ಹೋಗಿ ಬಂತು. ಮುಂದಿನ ಶನಿವಾರ ಹಿರೇಬೆಣಕಲ್ ಹತ್ತುತ್ತೇವೆ. ಕುಷ್ಟಗಿ ಅಣ್ಣ, ಬಿಡುವಿದ್ದರೆ ನೀವೂ ಬನ್ನಿ. ಸುತ್ತಿಗೆ ತರುವುದು ಬೇಡ. ಬಂಡೆಯ ಹಾಸು ಎಲ್ಲಿ ಬಿಟ್ಟಿದೆ ಅಂತ ಕೈಯಿಂದ ತೋರಿಸಿದರೆ ಸಾಕು.

ಕುಷ್ಟಗಿ ಕಲ್ಲುಕೆಲಸ:
ಬರುತ್ತೇನೆ. ಅಣ್ಣನನ್ನೂ ಗುಡ್ಡದ ಬುಡದವರೆಗೆ ಕರೆತರುತ್ತೇನೆ. ಹತ್ತಲು ಆಗುವುದಿಲ್ಲ. ಕೆಳಗಿನ ಬಂಡೆಗಳನ್ನು ಅವನು ತೋರಿಸುತ್ತಾನೆ.